ಫೀಡಿನಲ್ಲಿ ಸಣ್ಣ ಡೋಸ್: ಹಾಕಿದರೆ ಕೆಮ್ಮು ಇಳಿಯುತ್ತದೆ, ಬಿಟ್ಟರೆ ಮತ್ತೆ ಶುರು. ಯಾಕೆ?

ದೊಡ್ಡಿ ಕಾವಲು

ಎಲ್ಲರಿಗೂ ನಮಸ್ಕಾರ. ಬೆಳೆಯುವ ಹಂದಿಗಳಲ್ಲಿ ಕೆಮ್ಮಿನ ಕಾಟ. ಮರಿಗಳು ಹತ್ತು ಹನ್ನೊಂದು ವಾರಕ್ಕೆ ಬಂದವು ಅಂದರೆ ಶುರುವಾಯಿತು. ಒಣ ಕೆಮ್ಮು. ಮಲಗಿದ್ದನ್ನು ಎಬ್ಬಿಸಿದರೆ ಸಾಕು, ಒಂದರ ಹಿಂದೆ ಒಂದು ಕೆಮ್ಮುತ್ತವೆ. ಸಾಯುವುದು ಕಡಿಮೆ. ಆದರೆ ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಕೆಲವು ಧಡೂತಿ, ಕೆಲವು ಬಡಕಲು ಆಗಿಬಿಡುತ್ತವೆ.

ಎರಡು ವರ್ಷದಿಂದ ಫೀಡಿಗೆ ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಪ್ರೀಮಿಕ್ಸ್ (ಫೀಡಿಗೆ ಬೆರೆಸುವ ಔಷಧಿ ಪುಡಿ) ಸೇರಿಸುತ್ತಿದ್ದೇನೆ. ಟನ್ನಿಗೆ 700 ಗ್ರಾಂ. ಹಾಕುವಾಗ ಕೆಮ್ಮು ಇಳಿಯುತ್ತದೆ. ನಿಲ್ಲಿಸಿದ ಎರಡು ಮೂರು ವಾರಕ್ಕೆ ಮತ್ತೆ ಅದೇ ಕಥೆ. ಈಗೀಗ ಹಾಕುತ್ತಿದ್ದರೂ ಮೊದಲಿನಷ್ಟು ಇಳಿಯುತ್ತಿಲ್ಲ. ಸಣ್ಣ ಡೋಸ್ ಕೊಡುತ್ತಲೇ ಇದ್ದರೆ ರೋಗ ಹತ್ತಿರ ಬರುವುದಿಲ್ಲ ಎನ್ನುತ್ತಾರೆ ಒಬ್ಬರು. ಅದರಿಂದಲೇ ಕೆಟ್ಟಿದ್ದು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಹಳೇ ಕೈ

ನಾನು ಮೂವತ್ತು ವರ್ಷದಿಂದ ಹಂದಿ ಸಾಕುತ್ತಿದ್ದೇನೆ. ಫೀಡಿನಲ್ಲಿ ಸ್ವಲ್ಪ ಔಷಧಿ ಇದ್ದಾಗ ಹಂದಿ ಚೆನ್ನಾಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪುಸ್ತಕ ಓದಿದವರು ಈಗ ಬಂದು ಬೇಡ ಎನ್ನುತ್ತಾರೆ. ಕೆಲಸ ಮಾಡುತ್ತಿರುವುದನ್ನು ಯಾಕೆ ನಿಲ್ಲಿಸಬೇಕು? ಟನ್ನಿಗೆ 700 ಅಂದರೆ ಸಣ್ಣ ಡೋಸೇ ಅಲ್ಲ, ಅದು ಜಾಸ್ತಿನೇ ಆಯಿತು.

ಮೇವು ಮಿಕ್ಸರ್

ಒಂದು ನಿಮಿಷ. ಕಾವಲು ಅವರೇ, ಚೀಲದ ಮೇಲೆ ಎಷ್ಟು ಶೇಕಡಾ ಅಂತ ಬರೆದಿದೆ ನೋಡಿ ಹೇಳಿ.

ದೊಡ್ಡಿ ಕಾವಲು

15% ಅಂತಿದೆ ಸರ್.

ಮೇವು ಮಿಕ್ಸರ್

ನನಗೆ ಅನುಮಾನ ಬಂದದ್ದೇ ಅಲ್ಲಿ. ಚೀಲದಲ್ಲಿ 15 ಪಾಲು ಔಷಧಿ, ಉಳಿದ 85 ಪಾಲು ಅದನ್ನು ಹೊರುವ ಪುಡಿ. ನೀವು ಹಾಕುತ್ತಿರುವ 700 ಗ್ರಾಮಿನಲ್ಲಿ ಔಷಧಿ ಇರುವುದು 105 ಗ್ರಾಂ. ಅಂದರೆ ಒಂದು ಕಿಲೋ ಫೀಡಿನಲ್ಲಿ 105 ಮಿ.ಗ್ರಾಂ.

ಈಗ ಹಂದಿಯ ಲೆಕ್ಕಕ್ಕೆ ಬನ್ನಿ. 20 ಕಿಲೋ ತೂಗುವ ಮರಿ ದಿನಕ್ಕೆ ಸುಮಾರು 1 ಕಿಲೋ ತಿನ್ನುತ್ತದೆ. ಅದಕ್ಕೆ ಸಿಗುವುದು ದೇಹತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಅದೇ ಹಂದಿ 100 ಕಿಲೋ ಆದಾಗ 3 ಕಿಲೋ ತಿನ್ನುತ್ತದೆ, ಆಗ ಸಿಗುವುದು ಬರೀ 3 ಮಿ.ಗ್ರಾಂ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೆ ಈ ಔಷಧಿಯ ಲೇಬಲ್ ಡೋಸ್ ದಿನಕ್ಕೆ ಕಿಲೋಗೆ 22 ಮಿ.ಗ್ರಾಂ. ನೀವು ಕೊಡುತ್ತಿರುವುದು ಅದರ ಕಾಲು ಭಾಗವೂ ಅಲ್ಲ.

ಇದು ಆರೋಗ್ಯವಾಗಿರುವ ಹಂದಿಯ ಲೆಕ್ಕ. ಜ್ವರ ಬಂದ ಹಂದಿ ಅರ್ಧ ಹೊಟ್ಟೆ ತಿನ್ನುತ್ತದೆ, ಅದರ ಡೋಸೂ ಅರ್ಧ ಆಯಿತು. ಔಷಧಿ ಯಾರಿಗೆ ಬೇಕೋ ಅವರಿಗೇ ಕಡಿಮೆ, ಬೇಡದ ದಾಂಡಿಗನಿಗೆ ಜಾಸ್ತಿ. ಫೀಡ್ ಔಷಧಿಯ ದೊಡ್ಡ ತಮಾಷೆ ಇದು.

ಇನ್ನೊಂದಿದೆ. ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳು ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತವೆ. ಹಂದಿ ಫೀಡಿನಲ್ಲಿ ಸುಣ್ಣದ ಪುಡಿ ಇದ್ದೇ ಇರುತ್ತದೆ, ಅಲ್ವಾ? ಬಾಯಿಂದ ಹೋದ ಕ್ಲೋರ್‌ಟೆಟ್ರಾಸೈಕ್ಲಿನ್‌ನಲ್ಲಿ ರಕ್ತಕ್ಕೆ ಸೇರುವುದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದು ಕರುಳಿನಲ್ಲಿ ಉಳಿದು ಸಗಣಿಯಲ್ಲಿ ಹೊರಗೆ ಹೋಗುತ್ತದೆ.

ದೊಡ್ಡಿ ಕಾವಲು

ಅಯ್ಯೋ. ಎರಡು ವರ್ಷ 700 ಅಂದುಕೊಂಡೇ ಹಾಕಿದ್ದೆ. ಪ್ರೀಮಿಕ್ಸ್ ಕೊಟ್ಟವರು ಒಂದು ಮಾತೂ ಹೇಳಲಿಲ್ಲ. ಹಾಗಾದರೆ ಕೆಮ್ಮು ಇಳಿದದ್ದು ಹೇಗೆ? ಕಾಲು ಡೋಸಿಗೆ ರೋಗ ಬಗ್ಗುತ್ತದಾ?

ಗೊರಸು ಡಾಕ್ಟರ್

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ರೋಗ ಯಾವುದು ಅಂತ ಯೋಚಿಸೋಣ. ಹತ್ತು ವಾರದ ನಂತರ ಒಣ ಕೆಮ್ಮು, ಸಾವು ಕಡಿಮೆ, ಬೆಳವಣಿಗೆ ಏರುಪೇರು. ಇದನ್ನು ಕೇಳಿದರೆ ನನಗೆ ಮೊದಲು ನೆನಪಾಗುವುದು ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ. ಗಾಳಿನಾಳದ ಒಳಗೋಡೆಯಲ್ಲಿ ಸಣ್ಣ ಕೂದಲುಗಳಿರುತ್ತವೆ. ಧೂಳು, ಕಫ, ರೋಗಾಣು ಎಲ್ಲವನ್ನೂ ಗುಡಿಸಿ ಮೇಲಕ್ಕೆ ತಳ್ಳುವ ಪೊರಕೆಗಳು ಅವು. ಮೈಕೋಪ್ಲಾಸ್ಮಾ ಹೋಗಿ ಆ ಕೂದಲಿಗೇ ಅಂಟಿಕೊಂಡು ಅದನ್ನು ಉದುರಿಸುತ್ತದೆ. ಪೊರಕೆ ಇಲ್ಲದ ಮನೆಗೆ ಆಮೇಲೆ ಯಾರು ಬೇಕಾದರೂ ಬರಬಹುದು. ಸಾಮಾನ್ಯವಾಗಿ ಬರುವುದು ಪಾಶ್ಚುರೆಲ್ಲಾ ಮಲ್ಟೋಸಿಡಾ. ಅದು ಆರೋಗ್ಯವಂತ ಹಂದಿಯ ಮೂಗಿನಲ್ಲೂ ಇರುತ್ತದೆ. ಒಂಟಿಯಾಗಿ ಅಷ್ಟು ಕಾಟ ಕೊಡದ ಪ್ರಾಣಿ, ದಾರಿ ಸಿಕ್ಕರೆ ಶ್ವಾಸಕೋಶಕ್ಕೆ ಇಳಿದು ಕೀವು ಮಾಡುತ್ತದೆ. ಇವುಗಳ ಜೊತೆ ಪಿಆರ್‌ಆರ್‌ಎಸ್, ಸರ್ಕೋ, ಫ್ಲೂ ವೈರಸ್‌ಗಳೂ ಸೇರಿದರೆ ಕೇಳುವುದೇ ಬೇಡ.

ಈಗ ನಿಮ್ಮ ಸಣ್ಣ ಡೋಸ್. ಅದು ರೋಗಾಣುವನ್ನು ಓಡಿಸುವುದಿಲ್ಲ, ಸಂಖ್ಯೆಯನ್ನು ಸ್ವಲ್ಪ ತಗ್ಗಿಸಬಹುದು. ಟೆಟ್ರಾಸೈಕ್ಲಿನ್‌ಗಳು ಕೊಲ್ಲುವ ಔಷಧಿಗಳಲ್ಲ, ರೋಗಾಣುವಿನ ಬೆಳವಣಿಗೆಯನ್ನು ತಡೆಹಿಡಿಯುವ ಔಷಧಿಗಳು. ಕೊಲ್ಲುವ ಕೆಲಸ ಹಂದಿಯ ರಕ್ತದ ಬಿಳಿಕಣಗಳದ್ದು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಈ ಔಷಧಿಗಳು ರೋಗಾಣುವನ್ನು ಮುಟ್ಟದೆಯೂ ಉರಿಯೂತವನ್ನು ತಗ್ಗಿಸಬಲ್ಲವು. ಮನುಷ್ಯರ ವಸಡಿನ ರೋಗಕ್ಕೆ ಡಾಕ್ಸಿಸೈಕ್ಲಿನ್ ಅನ್ನು ದಿನಕ್ಕೆ ಎರಡು ಸಲ 20 ಮಿ.ಗ್ರಾಂ ಕೊಡುವ ಪದ್ಧತಿ ಇದೆ. ಆ ಡೋಸಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅಂಗಾಂಶವನ್ನು ತಿನ್ನುವ ನಮ್ಮದೇ ದೇಹದ ಕಿಣ್ವಗಳನ್ನು ತಡೆಯುವುದಕ್ಕೆ ಅದನ್ನು ಕೊಡುವುದು. ಹಂದಿಗೆ ಕೊಡುವ ಟುಲಾಥ್ರೋಮೈಸಿನ್ ಎಂಬ ಬೇರೆ ಜಾತಿಯ ಔಷಧಿಗೂ ಉರಿಯೂತ ತಗ್ಗಿಸುವ ಗುಣ ಇದೆ.

ಹಾಗಾಗಿ ಕೆಮ್ಮು ಇಳಿದದ್ದು ಸುಳ್ಳಲ್ಲ. ಆದರೆ ಕೆಮ್ಮು ಇಳಿದ ಮಾತ್ರಕ್ಕೆ ರೋಗ ಹೋಯಿತು ಅಂತಲ್ಲ. ಮೈಕೋಪ್ಲಾಸ್ಮಾ ಒಮ್ಮೆ ಹತ್ತಿದ ಹಂದಿ ಏಳು ತಿಂಗಳವರೆಗೂ ಅದನ್ನು ಹರಡಬಲ್ಲದು. ನೀವು ಔಷಧಿ ನಿಲ್ಲಿಸಿದಾಗ ರೋಗಾಣು ಎಲ್ಲಿಂದಲೋ ಹೊಸದಾಗಿ ಬರುತ್ತಿಲ್ಲ, ಅಲ್ಲೇ ಕೂತಿದೆ.

ಲ್ಯಾಬ್ ಬೆಂಚು

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. "ಈಗೀಗ ಮೊದಲಿನಷ್ಟು ಇಳಿಯುತ್ತಿಲ್ಲ" ಎಂದಿರಲ್ಲ, ನನಗೆ ಕಿವಿ ನೆಟ್ಟಗಾದದ್ದು ಆ ಮಾತಿಗೆ.

ಲ್ಯಾಬಿನಲ್ಲಿ ಎಂಐಸಿ ಅಂತ ಒಂದು ಅಳತೆ ಇದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಔಷಧಿ ಬೇಕು ಅನ್ನುವುದು. ಅದಕ್ಕಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ, ಲಾಭವೂ ಇಲ್ಲ ನಷ್ಟವೂ ಇಲ್ಲ ಅಂತ ಹಿಂದೆ ಅಂದುಕೊಂಡಿದ್ದರು. 2011ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಅದು ತಪ್ಪು ಅಂತ ತೋರಿಸಿದರು. ಎಂಐಸಿಗಿಂತ 4 ಪಟ್ಟಿನಿಂದ 230 ಪಟ್ಟು ಕಡಿಮೆ ಔಷಧಿ ಇದ್ದರೂ ಅದಕ್ಕೆ ಬಗ್ಗದ ನಿರೋಧಕ ಬ್ಯಾಕ್ಟೀರಿಯಾ ಉಳಿದವುಗಳನ್ನು ಹಿಂದೆ ಹಾಕಿ ಮುಂದೆ ಹೋಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಆ ಸ್ವಲ್ಪ ನಿಧಾನ ಇದಕ್ಕೆ ಸಾಕು. ದಿನಕ್ಕೆ ಎಷ್ಟೋ ತಲೆಮಾರು ದಾಟುವ ಜೀವಿ ಅದು.

ಟೆಟ್ರಾಸೈಕ್ಲಿನ್‌ಗೆ ಬಗ್ಗದ ಪಾಶ್ಚುರೆಲ್ಲಾ ಒಳಗೆ ಒಂದು ಪಂಪು ಇರುತ್ತದೆ. ಔಷಧಿ ಒಳಗೆ ಬಂದ ಹಾಗೇ ಹೊರಗೆ ಚೆಲ್ಲುತ್ತದೆ, ತೂತು ದೋಣಿಯಿಂದ ನೀರು ಮೊಗೆಯುವ ಹಾಗೆ. ಇಂಥ ಪಂಪಿನ ಒಂದು ಜೀನ್, ಟೆಟ್-ಎಚ್ ಅಂತ ಹೆಸರು, ಮೊದಲು ಸಿಕ್ಕಿದ್ದೇ ಪಾಶ್ಚುರೆಲ್ಲಾದಲ್ಲಿ. ಈ ಜೀನ್‌ಗಳು ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್ಎ ಉಂಗುರ ಏರಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗಬಲ್ಲವು. ಒಂದೇ ಪ್ಲಾಸ್ಮಿಡ್ ಮೇಲೆ ಬೇರೆ ಔಷಧಿಗಳ ನಿರೋಧವೂ ಕೂತಿರಬಹುದು. ಆಗ ನೀವು ಟೆಟ್ರಾಸೈಕ್ಲಿನ್ ಕೊಟ್ಟರೆ ನೀವು ಬಳಸದೇ ಇರುವ ಔಷಧಿಗೂ ನಿರೋಧ ಬೆಳೆಯುತ್ತದೆ.

ಮತ್ತೆ, ಶ್ವಾಸಕೋಶ ಒಂದನ್ನೇ ನೋಡಬೇಡಿ. ರಕ್ತಕ್ಕೆ ಸೇರದ ಮುಕ್ಕಾಲು ಪಾಲು ಕರುಳಿನಲ್ಲಿದೆ ಅಂತ ಮಿಕ್ಸರ್ ಸರ್ ಹೇಳಿದರು. ಅಲ್ಲಿ ಕೋಟ್ಯಂತರ ಬೇರೆ ಬ್ಯಾಕ್ಟೀರಿಯಾಗಳಿವೆ. ಕೆಮ್ಮಿಗೆ ಕೊಟ್ಟ ಔಷಧಿಯ ಪಾಠ ಜಾಸ್ತಿ ಕಲಿಯುವುದು ಕರುಳಿನವು.

ಹಳೇ ಕೈ

ಬೆಂಚು ಅವರೇ, ಲ್ಯಾಬಿನ ಗಾಜಿನ ತಟ್ಟೆಗೆ ಹಂದಿಯಷ್ಟು ಮೈ ಇಲ್ಲ. ಸಣ್ಣ ಡೋಸೂ ಕೆಲಸ ಮಾಡುತ್ತದೆ ಅಂತ ತೋರಿಸಿದ ಸಂಶೋಧನೆಯೂ ಇದೆ ಅಂತ ನಮ್ಮ ಹುಡುಗ ಹೇಳಿದ. ಬೇಗ ಕೊಟ್ಟರೆ ಸ್ವಲ್ಪ ಸಾಕಂತೆ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಗೊರಸು ಡಾಕ್ಟರ್

ಹೇಳುತ್ತೇನೆ ಸರ್, ನಿಮ್ಮ ಹುಡುಗ ಓದಿದ್ದು ಸರಿಯೇ ಇದೆ. 2011ರಲ್ಲೇ ಫ್ರಾನ್ಸಿನ ಒಂದು ತಂಡ ಇಲಿಗಳ ಶ್ವಾಸಕೋಶಕ್ಕೆ ಪಾಶ್ಚುರೆಲ್ಲಾ ಹಾಕಿ ಫ್ಲೂರೋಕ್ವಿನೊಲೋನ್ ಜಾತಿಯ ಮಾರ್ಬೋಫ್ಲಾಕ್ಸಾಸಿನ್ ಔಷಧಿ ಕೊಟ್ಟು ನೋಡಿತು. ರೋಗಾಣು ಇನ್ನೂ ಕಡಿಮೆ ಇರುವಾಗ ಬೇಗ ಕೊಟ್ಟ ಔಷಧಿ, ರೋಗ ಕಾಣಿಸಿದ ಮೇಲೆ ಕೊಟ್ಟದ್ದಕ್ಕಿಂತ ಚೆನ್ನಾಗಿ ವಾಸಿಮಾಡಿತು. ನಿರೋಧಕ ಬ್ಯಾಕ್ಟೀರಿಯಾವೂ ಕಡಿಮೆ ಬಂದವು. ಕಾರಣ ಸುಲಭ. ಹತ್ತು ಕೋಟಿಗೆ ಒಂದರಂತೆ ನಿರೋಧಕ ಬ್ಯಾಕ್ಟೀರಿಯಾ ತಾನಾಗಿ ಹುಟ್ಟುತ್ತದೆ ಅಂತಿಟ್ಟುಕೊಳ್ಳಿ. ಶ್ವಾಸಕೋಶದಲ್ಲಿ ಒಂದು ಲಕ್ಷ ಮಾತ್ರ ಇದ್ದರೆ ಅಂಥದ್ದು ಇರುವ ಸಾಧ್ಯತೆ ತೀರಾ ಕಡಿಮೆ. ನೂರು ಕೋಟಿ ಆದ ಮೇಲೆ ಹತ್ತಾದರೂ ಕಾದು ಕೂತಿರುತ್ತವೆ.

ಆದರೆ ಅಲ್ಲಿ ಆದದ್ದು ಏನು? ಸೋಂಕು ಯಾವಾಗ ತಗುಲಿತು ಅಂತ ಗೊತ್ತಿತ್ತು, ಯಾಕೆಂದರೆ ತಗುಲಿಸಿದ್ದೇ ಅವರು. ಗಂಟೆ ನೋಡಿ ಕೊಟ್ಟರು. ಆ ರೋಗಾಣುವಿಗೆ ಆ ಔಷಧಿ ನಾಟುತ್ತದೆ ಅಂತ ಮೊದಲೇ ಗೊತ್ತಿತ್ತು. ಕೊಟ್ಟು ಮುಗಿಸಿದರು, ತಿಂಗಳುಗಟ್ಟಲೆ ಕೊಡಲಿಲ್ಲ. ನಮ್ಮ ಶೆಡ್ಡಿನಲ್ಲಿ ನೂರು ಹಂದಿಗೆ ನೂರು ಬೇರೆ ಬೇರೆ ದಿನ ಸೋಂಕು ತಗುಲುತ್ತದೆ. "ಬೇಗ ಕೊಟ್ಟರೆ ಸ್ವಲ್ಪ ಸಾಕು" ಎಂಬುದನ್ನು "ಸ್ವಲ್ಪ ಕೊಡುತ್ತಲೇ ಇರು" ಅಂತ ಓದಿಕೊಂಡರೆ ಕೆಲಸ ಕೆಟ್ಟಿತು. ಫ್ಲೂರೋಕ್ವಿನೊಲೋನ್‌ಗಳು ಮನುಷ್ಯರಿಗೂ ತೀರಾ ಮುಖ್ಯವಾದ ಔಷಧಿಗಳು, ಹಾಗಾಗಿ ಅವನ್ನು ಹೀಗೆ ಆಟವಾಡಿಸುವ ಹಾಗೂ ಇಲ್ಲ.

ಮೇವು ಮಿಕ್ಸರ್

ಹಳೇ ಕೈ ಸರ್ ಹಂದಿ ಚೆನ್ನಾಗಿ ಬಂತು ಎಂದದ್ದೂ ಸುಳ್ಳಲ್ಲ. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಕೋಳಿಮರಿಗಳಿಗೆ ಇದೇ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿದ ಮೇಲೆ ಉಳಿದ ಚರಟ ತಿನ್ನಿಸಿದಾಗ ಅವು ಬೇಗ ಬೆಳೆದವು. ಬಿ12 ವಿಟಮಿನ್‌ನಿಂದ ಅಂದುಕೊಂಡಿದ್ದರು, ಔಷಧಿಯಿಂದ ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಫೀಡಿಗೆ ಹಾಕುವ ರೂಢಿ ಬಂತು. ಅದು ಬೆಳವಣಿಗೆಗೆ ಹಾಕಿದ್ದು, ರೋಗಕ್ಕಲ್ಲ. ಕೊಳಕು ಜಾಸ್ತಿ ಇದ್ದ ಶೆಡ್ಡಿನಲ್ಲೇ ಅದರ ಲಾಭವೂ ಜಾಸ್ತಿ ಕಾಣುತ್ತಿತ್ತು.

1969ರಲ್ಲೇ ಬ್ರಿಟನ್ನಿನ ಸ್ವಾನ್ ಸಮಿತಿ ಬೇಡ ಎಂದಿತು. ಸ್ವೀಡನ್ 1986ರಲ್ಲಿ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದಲ್ಲಿ ಬೆಳವಣಿಗೆಗೆ ಕೊಡುವುದು 2006ರ ಜನವರಿ 1ಕ್ಕೆ ಪೂರ್ತಿ ನಿಂತಿತು. ಅಮೆರಿಕದಲ್ಲಿ ಮನುಷ್ಯರಿಗೆ ಮುಖ್ಯವಾದ ಔಷಧಿಗಳಿಗೆ 2017ರಲ್ಲಿ ಅದೇ ಆಯಿತು. ಯುರೋಪಿನ 2022ರ ಹೊಸ ನಿಯಮದಲ್ಲಿ ಒಂದು ಮಾತಿದೆ, ನನಗೆ ತುಂಬಾ ಹಿಡಿಸಿದ್ದು: ಕೊಳಕನ್ನೂ ಕೆಟ್ಟ ಸಾಕಣೆಯನ್ನೂ ಮುಚ್ಚಿಕೊಳ್ಳಲು ಔಷಧಿ ಬಳಸಬಾರದು ಅಂತ. ನಮ್ಮಂಥ ಫೀಡಿನವರಿಗೂ ಮುಟ್ಟುವ ಮಾತು.

ಹೊಸ ಮರಿ

ನಾನು ಹೊಸಬ. ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಫೀಡ್ ಬೇಡ ಅಂದರೆ ಪೆನಿಸಿಲಿನ್ ಇಂಜೆಕ್ಷನ್ ಕೊಡಬಹುದಲ್ವಾ? ಹಳೆಯ ಔಷಧಿ, ಸುಲಭ.

ಗೊರಸು ಡಾಕ್ಟರ್

ಮೈಕೋಪ್ಲಾಸ್ಮಾಗೆ ಬಕೆಟ್‌ಗಟ್ಟಲೆ ಪೆನಿಸಿಲಿನ್ ಕೊಟ್ಟರೂ ಏನೂ ಆಗುವುದಿಲ್ಲ. ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಇದಕ್ಕೆ ಗೋಡೆಯೇ ಇಲ್ಲ. ಅಮಾಕ್ಸಿಸಿಲಿನ್ ಕಥೆಯೂ ಅದೇ. ಜೊತೆಗಾರ ಬ್ಯಾಕ್ಟೀರಿಯಾಗಳಿಗೆ ಅವು ನಾಟಬಹುದು, ಆದ್ದರಿಂದ ಯಾವುದು ಇದೆ ಅಂತ ಮೊದಲು ಗೊತ್ತಾಗಬೇಕು.

ಕಾವಲು ಅವರೇ, ಎರಡು ಕೆಲಸ ಮಾಡಿ. ಔಷಧಿ ತಾಗದ, ಈಗಷ್ಟೇ ಕೆಮ್ಮು ಶುರುವಾದ ಕೆಲವು ಹಂದಿಗಳ ಗಂಟಲಿನ ಆಳದಿಂದ ಸ್ವ್ಯಾಬ್ ತೆಗೆಸಿ ಪಿಸಿಆರ್‌ಗೆ ಕಳಿಸಿ. ಮೂಗಿನ ಸ್ವ್ಯಾಬ್ ಬೇಡ, ಮೂಗಿನಲ್ಲಿ ಎಲ್ಲರೂ ಇರುತ್ತಾರೆ. ಸತ್ತದ್ದು ಸಿಕ್ಕರೆ ಶ್ವಾಸಕೋಶದ ತುಂಡು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡಲು), ಜೊತೆಗೆ ಯಾವ ಔಷಧಿ ನಾಟುತ್ತದೆ ಅನ್ನುವ ಪರೀಕ್ಷೆ. ಕಡಿಯುವಲ್ಲಿ ಶ್ವಾಸಕೋಶ ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಕೆಳಗಿನ ಹಾಲೆಗಳು ಯಕೃತ್ತಿನ ಹಾಗೆ ಗಟ್ಟಿಯಾಗಿದ್ದರೆ ಮೈಕೋಪ್ಲಾಸ್ಮಾ ಕಡೆಗೆ ಬೆರಳು. ಪಕ್ಕೆಗೆ ಅಂಟಿಕೊಂಡು ಹರಿದು ಬರುತ್ತಿದ್ದರೆ ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೇ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಗ್ಗೆ ಯೋಚಿಸಬೇಕು. ಅದು ಜೋರಾಗಿ ಬಂದಾಗ ಬೆಳಿಗ್ಗೆ ಚೆನ್ನಾಗಿದ್ದ ಹಂದಿ ಸಂಜೆಗೆ ಮೂಗಿನಲ್ಲಿ ರಕ್ತದ ನೊರೆ ಬಂದು ಬಿದ್ದಿರುತ್ತದೆ. ಅಲ್ಲಿ ಸಣ್ಣ ಡೋಸಿನ ಮಾತೇ ಇಲ್ಲ, ಕೂಡಲೇ ಇಂಜೆಕ್ಷನ್.

ಎರಡನೆಯದು, ಕೆಮ್ಮು ಎಣಿಸಿ. ಹಂದಿಗಳನ್ನು ಎಬ್ಬಿಸಿ, ಒಂದು ನಿಮಿಷ ಬಿಟ್ಟು, ಎರಡು ನಿಮಿಷ ಎಣಿಸಿ. ವಾರಕ್ಕೆ ಎರಡು ಸಲ, ಅದೇ ಹೊತ್ತಿಗೆ. "ಇಳಿದ ಹಾಗೆ ಕಾಣುತ್ತದೆ" ಅನ್ನುವುದರಿಂದ ನಾವು ಎಷ್ಟು ಸಲ ಮೋಸ ಹೋಗಿದ್ದೇವೋ.

ದೊಡ್ಡಿ ಕಾವಲು

ಮೂರು ವಾರ ಆಯಿತು. ರಿಪೋರ್ಟ್ ಬಂತು. ಐದು ಸ್ವ್ಯಾಬ್‌ನಲ್ಲಿ ನಾಲ್ಕಕ್ಕೆ ಮೈಕೋಪ್ಲಾಸ್ಮಾ. ಸತ್ತ ಒಂದು ಹಂದಿಯ ಶ್ವಾಸಕೋಶದಲ್ಲಿ ಪಾಶ್ಚುರೆಲ್ಲಾ ಬೆಳೆದಿದೆ. ಟೆಟ್ರಾಸೈಕ್ಲಿನ್‌ಗೆ ಬಗ್ಗುವುದಿಲ್ಲ ಅಂತ ಬರೆದಿದ್ದಾರೆ, ಫ್ಲೋರ್‌ಫೆನಿಕಾಲ್‌ಗೆ ಬಗ್ಗುತ್ತದೆ. ಓದಿ ಸುಮ್ನೆ ಕೂತುಬಿಟ್ಟೆ. ಎರಡು ವರ್ಷದ ಪ್ರೀಮಿಕ್ಸ್!

ಕೆಮ್ಮೂ ಎಣಿಸಿದೆ. 40 ಹಂದಿಯ ದೊಡ್ಡಿಯಲ್ಲಿ ಎರಡು ನಿಮಿಷಕ್ಕೆ 22.

ಲ್ಯಾಬ್ ಬೆಂಚು

ಪ್ರೀಮಿಕ್ಸ್‌ನಿಂದಲೇ ಹೀಗಾಯಿತು ಅಂತ ಒಂದು ಹಂದಿಯ ಕಲ್ಚರ್ ನೋಡಿ ಆಣೆ ಇಡುವ ಹಾಗಿಲ್ಲ. ಕೊಂಡು ತಂದ ಮರಿಯ ಜೊತೆಗೇ ಬಂದಿರಬಹುದು. ಎರಡು ವರ್ಷ ಅದಕ್ಕೆ ನೀವು ಜಾಗ ಮಾಡಿಕೊಟ್ಟಿರಿ ಅನ್ನುವಷ್ಟು ಹೇಳಬಹುದು.

ಗೊರಸು ಡಾಕ್ಟರ್

ಪ್ರೀಮಿಕ್ಸ್ ನಿಲ್ಲಿಸಿ. ಈಗ ಕೆಮ್ಮುತ್ತಿರುವ ಬ್ಯಾಚಿಗೆ ಏನು ಕೊಡಬೇಕು ಅಂತ ನಿಮ್ಮ ಡಾಕ್ಟರ್ ಹಂದಿಗಳನ್ನು ನೋಡಿಯೇ ಬರೆಯಲಿ, ನಾನು ಇಲ್ಲಿಂದ ಬರೆಯುವುದಿಲ್ಲ. ಕೊಡುವುದಾದರೆ ಪೂರ್ತಿ ಡೋಸ್, ಹೇಳಿದಷ್ಟು ದಿನ, ನೀರಿನಲ್ಲಿ. ಜ್ವರ ಬಂದ ಹಂದಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ. ಕಡಿಯುವ ಮೊದಲು ಬಿಡಬೇಕಾದ ದಿನಗಳ ಲೆಕ್ಕವನ್ನೂ ಬರೆದಿಡಿ.

ನೀರಿನಲ್ಲೂ ಸಣ್ಣ ಡೋಸಿನ ಬಲೆ ಇದೆ. ಹಂದಿ ನೀರು ಕುಡಿಯುವ ನಿಪ್ಪಲ್ ಸೋರಿದರೆ ಔಷಧಿ ನೆಲಕ್ಕೆ. ಪೈಪಿನ ಒಳಗೆ ಲೋಳೆ ಕಟ್ಟಿದ್ದರೆ ಅದೂ ಒಂದಿಷ್ಟು ಹಿಡಿದಿಟ್ಟು ಆಮೇಲೆ ದಿನಗಟ್ಟಲೆ ಬಿಡುತ್ತಾ ಇರುತ್ತದೆ. ನಿಲ್ಲಿಸಿದೆ ಅಂದುಕೊಂಡಿರುತ್ತೀರಿ, ಹಂದಿ ಇನ್ನೂ ಕುಡಿಯುತ್ತಿರುತ್ತದೆ.

ಮುಂದಿನ ಮರಿಗಳಿಗೆ ಮೂರು ವಾರಕ್ಕೆ ಮೈಕೋಪ್ಲಾಸ್ಮಾ ಲಸಿಕೆ. ಲಸಿಕೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಮ್ಮನ್ನೂ ಶ್ವಾಸಕೋಶದ ಗಾಯವನ್ನೂ ತಗ್ಗಿಸುತ್ತದೆ. ಆಮೇಲೆ ಶೆಡ್ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ, ಒಂದೇ ವಯಸ್ಸಿನ ಬ್ಯಾಚ್ ಬಿಡಿ. ನೀವು ಬಡಕಲು ಹಂದಿಗಳನ್ನು ಹಿಂದಿನ ಕಿರಿಯ ಬ್ಯಾಚಿಗೆ ಸೇರಿಸುತ್ತೀರಾ?

ದೊಡ್ಡಿ ಕಾವಲು

ಹೌದು ಮೇಡಂ. ತಿನ್ನಲು ಪೈಪೋಟಿ ಕಡಿಮೆ ಇರಲಿ ಅಂತ.

ಗೊರಸು ಡಾಕ್ಟರ್

ಆ ಬಡಕಲುಗಳೇ ನಿಮ್ಮ ಅಂಚೆಯವರು. ಪ್ರತಿ ಹೊಸ ಬ್ಯಾಚಿಗೂ ರೋಗ ತಲುಪಿಸುತ್ತಿರುವುದು ಅವೇ.

ಹಳೇ ಕೈ

ಇದೊಂದು ಮಾತು ಒಪ್ಪಿದೆ ಡಾಕ್ಟ್ರೇ. ನಾನೂ ಹಾಗೇ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ.

ಕಾವಲು ಅವರಿಗೆ ನನ್ನ ಕಡೆಯಿಂದ ಒಂದು ಎಚ್ಚರ. ಡಾಕ್ಟರ್ ಟಿಯಾಮುಲಿನ್ ಅನ್ನುವ ಔಷಧಿ ಬರೆದರೆ ನಿಮ್ಮ ಫೀಡಿನಲ್ಲಿ ಕೋಳಿ ಫೀಡಿಗೆ ಹಾಕುವ ಸಾಲಿನೋಮೈಸಿನ್, ಮೊನೆನ್ಸಿನ್ ಇದೆಯಾ ಅಂತ ಕೇಳದೆ ಕೊಡಬೇಡಿ. ಹಿಂದೊಮ್ಮೆ ಫೀಡ್ ತಂದ ಕಡೆ ಅದು ಬೆರೆತಿತ್ತು, ನನಗೆ ಗೊತ್ತಿರಲಿಲ್ಲ. ಎರಡನ್ನೂ ತಿಂದ ಹಂದಿಗಳು ಹಿಂಗಾಲು ಎಳೆದುಕೊಂಡು ಬಿದ್ದವು. ಹನ್ನೊಂದು ಹೋದವು. ಮತ್ತೆ, ಟಿಲ್ಮಿಕೋಸಿನ್ ಫೀಡಿನಲ್ಲಿ ಕೊಡುವುದುಂಟು, ಅದರ ಇಂಜೆಕ್ಷನ್ ಹಂದಿಗೆ ಚುಚ್ಚಿದರೆ ಸಾಯುತ್ತದೆ. ಚುಚ್ಚುವವನ ಕೈಗೆ ತಾಗಿದರೆ ಅವನಿಗೂ ಅಪಾಯ.

ಮೇವು ಮಿಕ್ಸರ್

ಹಳೇ ಕೈ ಸರ್, ಇದನ್ನು ಮೊದಲ ಉತ್ತರದಲ್ಲೇ ಬರೆಯಬಾರದಿತ್ತಾ! ಇದು ಪುಸ್ತಕದಲ್ಲೂ ಇದೆ.

ದೊಡ್ಡಿ ಕಾವಲು

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೆಮ್ಮುತ್ತಿದ್ದ ಬ್ಯಾಚಿಗೆ ನಮ್ಮ ಡಾಕ್ಟರ್ ನೀರಿನಲ್ಲಿ ಐದು ದಿನ ಔಷಧಿ ಕೊಡಿಸಿದರು. ಕೊಡುವ ಮೊದಲು ನಿಪ್ಪಲ್‌ಗಳನ್ನು ನೋಡಿದರೆ ಹದಿನಾರರಲ್ಲಿ ಐದು ಸೋರುತ್ತಿದ್ದವು. ರಾತ್ರಿ ಗಾಳಿ ಕಿಂಡಿ ಮುಚ್ಚುತ್ತಿದ್ದೆ, ಮರಿಗಳಿಗೆ ಚಳಿ ಅಂತ. ಬೆಳಿಗ್ಗೆ ಒಳಗೆ ಹೋದರೆ ನನಗೇ ಕಣ್ಣು ಉರಿಯುತ್ತಿತ್ತು. ಈಗ ಮೇಲಿನ ಕಿಂಡಿ ತೆರೆದೇ ಇಡುತ್ತೇನೆ.

ಲಸಿಕೆ ಹಾಕಿದ ಮೊದಲ ಬ್ಯಾಚ್ ಈಗ ಹದಿಮೂರು ವಾರ. ಫೀಡಿನಲ್ಲಿ ಏನೂ ಇಲ್ಲ. ಅಷ್ಟೇ ಹಂದಿಗೆ ಎರಡು ನಿಮಿಷಕ್ಕೆ 6 ಕೆಮ್ಮು. ಪೂರ್ತಿ ನಿಂತಿಲ್ಲ. ಬಡಕಲು ಮರಿಗಳಿಗೆ ಬೇರೆ ದೊಡ್ಡಿ ಮಾಡಿದ್ದೇನೆ, ಅಲ್ಲಿಗೆ ಕೊನೆಗೆ ಹೋಗಿ ಬರುತ್ತೇನೆ, ಬೇರೆ ಚಪ್ಪಲಿ ಹಾಕಿಕೊಂಡು.

ಒಂದು ಪ್ರಶ್ನೆ ಉಳಿದಿದೆ. ಹೊಸದಾಗಿ ತರುವ ಹೆಣ್ಣುಮರಿಗಳನ್ನು ಮಂದೆಗೆ ಸೇರಿಸುವ ಮೊದಲು ಎಷ್ಟು ದಿನ ಬೇರೆ ಇಡಬೇಕು?

ಗೊರಸು ಡಾಕ್ಟರ್

ಅವುಗಳಿಗೆ ಸೋಂಕು ಇದೆಯಾ ಇಲ್ಲವಾ ಅನ್ನುವುದರ ಮೇಲೆ ಹೋಗುತ್ತದೆ. ಏಳು ತಿಂಗಳ ಲೆಕ್ಕ ನೆನಪಿದೆಯಲ್ಲ, ಉತ್ತರ ಅಲ್ಲಿಂದಲೇ ಶುರು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಬರೆಯುತ್ತೇನೆ.